ಕೀನ್ಯಾ–ಅಮೆರಿಕ ಆರೋಗ್ಯ ಒಪ್ಪಂದ: ‘ಬರೀ ಒಟ್ಟು ಲೆಕ್ಕ’ ಅಂದರೆ ಒಳಗಿಂದ ಏನೇನು ಹೋಗುತ್ತದೆ?

ಕಡತದ_ಇಲಿ (ಪ್ರಶ್ನೆ)

ಹಿನ್ನೆಲೆ ಚುಟುಕಾಗಿ: 2025ರ ಡಿಸೆಂಬರ್ 4ರಂದು ಕೀನ್ಯಾ ಮತ್ತು ಅಮೆರಿಕ ಐದು ವರ್ಷದ ಆರೋಗ್ಯ ಒಪ್ಪಂದಕ್ಕೆ ಸಹಿ ಹಾಕಿದವು. ಅಮೆರಿಕದ ಪಾಲು ಸುಮಾರು 160 ಕೋಟಿ ಡಾಲರ್. ಕೀನ್ಯಾ ತನ್ನ ಬೊಕ್ಕಸದಿಂದ ಆರೋಗ್ಯಕ್ಕೆ ಕೊಡುವುದನ್ನು 85 ಕೋಟಿ ಡಾಲರ್‌ನಷ್ಟು ಏರಿಸಬೇಕು. ವಾರ ತುಂಬುವಷ್ಟರಲ್ಲಿ, ಡಿಸೆಂಬರ್ 11ಕ್ಕೆ, ಅಲ್ಲಿನ ಹೈಕೋರ್ಟು ಜನರ ಆರೋಗ್ಯ ಮಾಹಿತಿ ಹಂಚುವ ಭಾಗಕ್ಕೆ ತಡೆ ಕೊಟ್ಟಿತು. ಅರ್ಜಿ ಹಾಕಿದ್ದು ಗ್ರಾಹಕರ ಒಕ್ಕೂಟ. ಸರ್ಕಾರದ ಮಾತು ಒಂದೇ: ಹೆಸರು ತೆಗೆದ, ಕೂಡಿಸಿದ ಅಂಕಿ ಮಾತ್ರ ಹೋಗುತ್ತದೆ.

ಹಾಗಿದ್ದಮೇಲೆ ಕೋರ್ಟು ಯಾಕೆ ಕೈಹಾಕಿತು? ‘ವ್ಯವಸ್ಥೆಗೆ ಪ್ರವೇಶ’ ಅಂದರೆ ಯಾವ ಸಾಫ್ಟ್‌ವೇರು, ಯಾವ ಪರದೆ? ಇಂಥ ಒಪ್ಪಂದದ ಕರಡು ಕೈಗೆ ಸಿಕ್ಕರೆ ಮೊದಲು ಎಲ್ಲಿ ಕಣ್ಣು ಹಾಯಿಸಬೇಕು? ‘ಅಮೆರಿಕ ಕಳ್ಳ’ ಥರದ ಉತ್ತರ ಬೇಡ, ಅದು ಬೇರೆ ಕಡೆ ಬೇಕಾದಷ್ಟು ಸಿಗುತ್ತದೆ.

ಸರ್ವರ್_ಕೋಣೆ

ಎಲ್ಲವನ್ನೂ ‘ಡೇಟಾ’ ಅಂತ ಒಂದೇ ಗೋಣಿಗೆ ತುಂಬಿದರೆ ಈ ಜಗಳ ಬಗೆಹರಿಯಲ್ಲ. ಎಚ್‌ಐವಿ ಮಾಹಿತಿಯನ್ನೇ ತಗೊಳ್ಳಿ, ಕೀನ್ಯಾದಲ್ಲಿ ಅದು ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತದೆ.

ಕೆಳಗಿನ ಮೆಟ್ಟಿಲು ಚಿಕಿತ್ಸಾ ಕೇಂದ್ರದ ಕಾರ್ಡು, ಆರೋಗ್ಯ ಸಚಿವಾಲಯದ (ಎಂಒಎಚ್) 257 ಸಂಖ್ಯೆಯ ನೀಲಿ ಕಾರ್ಡು. ಹೆಸರು, ಫೋನು, ಮನೆಯ ಗುರುತು, ಚಿಕಿತ್ಸೆಗೆ ಜೊತೆಯಾಗುವವರ ಹೆಸರು, ಎಲ್ಲ ಅದರಲ್ಲಿ. ಅದನ್ನೇ ಕಂಪ್ಯೂಟರಿಗೆ ಏರಿಸಿದ್ದು ಕೀನ್ಯಾಇಎಂಆರ್. ಇದು ಓಪನ್‌ಎಂಆರ್‌ಎಸ್ ಅನ್ನುವ ಮುಕ್ತ ವೈದ್ಯಕೀಯ ದಾಖಲೆ ತಂತ್ರಾಂಶದ ಮೇಲೆ ಕಟ್ಟಿದ್ದು. ಬೆಂಗಳೂರಿನ ಡೆವಲಪರುಗಳಿಗೆ ಬಹ್ಮ್ನಿ ಅನ್ನುವ ಆಸ್ಪತ್ರೆ ತಂತ್ರಾಂಶ ಗೊತ್ತಿದ್ದರೆ ಇದು ಅದರ ದಾಯಾದಿ ಅಂದುಕೊಳ್ಳಿ, ಬೇರು ಒಂದೇ. ಅದರ ಮೇಲೆ ರಾಷ್ಟ್ರೀಯ ಡೇಟಾ ವೇರ್‌ಹೌಸ್, ಕೇಂದ್ರಗಳ ದಾಖಲೆ ಬಂದು ಸೇರುವ ಜಾಗ. ಇಲ್ಲಿ ಹೆಸರು ಇರಲ್ಲ, ಆದರೆ ಒಬ್ಬ ರೋಗಿಗೆ ಒಂದು ಸಾಲು ಇದ್ದೇ ಇರುತ್ತದೆ: ಹುಟ್ಟಿದ ದಿನ, ಲಿಂಗ, ಕೇಂದ್ರ, ಭೇಟಿಯ ತಾರೀಖು, ವೈರಲ್ ಲೋಡ್ (ರಕ್ತದಲ್ಲಿನ ವೈರಸ್ ಪ್ರಮಾಣ), ಹೀಗೆ. ಇನ್ನೂ ಮೇಲೆ ಕೆಎಚ್‌ಐಎಸ್, ಕೀನ್ಯಾದ ಆರೋಗ್ಯ ಅಂಕಿಅಂಶ ವ್ಯವಸ್ಥೆ. ಇದು ಓಸ್ಲೋ ವಿಶ್ವವಿದ್ಯಾಲಯ ಬೆಳೆಸಿದ ಡಿಎಚ್‌ಐಎಸ್2 ತಂತ್ರಾಂಶ. ಇಲ್ಲಿಗೆ ಎಂಒಎಚ್ 731 ಅನ್ನುವ ತಿಂಗಳ ವರದಿ ಬರುತ್ತದೆ, ಬರೀ ಎಣಿಕೆ. ತುತ್ತತುದಿಯಲ್ಲಿ ಅಮೆರಿಕದ್ದೇ ಡೇಟಿಮ್. 2003ರಲ್ಲಿ ಶುರುವಾದ ಪೆಪ್‌ಫಾರ್ ಅನ್ನುವ ಏಡ್ಸ್ ನೆರವು ಯೋಜನೆಯ ಲೆಕ್ಕದ ಪುಸ್ತಕ. ಅದೂ ಡಿಎಚ್‌ಐಎಸ್2 ಮೇಲೇ ನಿಂತಿದೆ.

ಹಾಗಾಗಿ ಅಮೆರಿಕಕ್ಕೆ ಅಂಕಿ ಹೋಗುವುದು ಹೊಸ ಸುದ್ದಿಯೇನಲ್ಲ, ವರ್ಷಗಳಿಂದ ಹೋಗುತ್ತಿದೆ. ಪ್ರಶ್ನೆ ಇಷ್ಟೇ: ಪ್ರವೇಶ ಯಾವ ಮೆಟ್ಟಿಲಿಗೆ? ಕೆಎಚ್‌ಐಎಸ್‌ಗೆ ಅಂದರೆ ಒಂದು ಮಾತು, ವೇರ್‌ಹೌಸಿಗೆ ಅಂದರೆ ಪೂರಾ ಬೇರೆ ಮಾತು. ‘ಹೆಸರು ತೆಗೆದಿದೆ’ ಅನ್ನುವ ವಾಕ್ಯ ಎರಡಕ್ಕೂ ಹೊಂದುತ್ತದೆ, ಮೋಸ ಆಗುವುದೇ ಅಲ್ಲಿ.

ವೇರ್‌ಹೌಸಿನಲ್ಲಿ ಹೆಸರು ತೆಗೆಯುವಾಗ ಸಾಮಾನ್ಯವಾಗಿ ಆಗುವ ತಪ್ಪೊಂದಿದೆ. ಕೀನ್ಯಾದಲ್ಲಿ ಎಚ್‌ಐವಿ ಚಿಕಿತ್ಸೆಯ ಪ್ರತಿ ರೋಗಿಗೆ ಹತ್ತು ಅಂಕಿಯ ಸಿಸಿಸಿ ನಂಬರ್ ಇರುತ್ತದೆ. ಮೊದಲ ಐದು ಅಂಕಿ ಆ ಕೇಂದ್ರದ ಎಂಎಫ್‌ಎಲ್ ಕೋಡು (ಆರೋಗ್ಯ ಕೇಂದ್ರಗಳ ರಾಷ್ಟ್ರೀಯ ಪಟ್ಟಿಯ ಸಂಖ್ಯೆ), ಉಳಿದ ಐದು ಆ ಕೇಂದ್ರದ ಸರಣಿ. ಇದನ್ನು ಎಸ್‌ಎಚ್‌ಎ-256 ಸೂತ್ರದಲ್ಲಿ ಹ್ಯಾಶ್ ಮಾಡಿ (ಅಂದರೆ ನೇರವಾಗಿ ಹಿಂದಿರುಗಿಸಲಾಗದ ಅಕ್ಷರಸಾಲಾಗಿ ಬದಲಿಸಿ) ‘ಈಗ ಗುರುತು ಸಿಗಲ್ಲ’ ಅಂದರೆ ನಂಬಬೇಡಿ. ಹತ್ತು ಅಂಕಿ ಅಂದರೆ ಎಷ್ಟೇ ಆದರೂ 1000 ಕೋಟಿ ಸಾಧ್ಯತೆ. ಕೇಂದ್ರಗಳ ಕೋಡುಪಟ್ಟಿ ಸಾರ್ವಜನಿಕವಾಗಿ ಸಿಗುವುದರಿಂದ ನಿಜವಾದ ಸಾಧ್ಯತೆ ಅದರಲ್ಲಿ ಸಣ್ಣದೊಂದು ಚೂರು. ಎಲ್ಲ ನಂಬರುಗಳನ್ನೂ ಹ್ಯಾಶ್ ಮಾಡಿ ಹೋಲಿಸುವುದು ಒಂದು ಒಳ್ಳೆಯ ಗ್ರಾಫಿಕ್ಸ್ ಕಾರ್ಡಿಗೆ ಟೀ ಆರುವಷ್ಟು ಹೊತ್ತಿನ ಕೆಲಸವೂ ಅಲ್ಲ. ಹ್ಯಾಶ್ ಮಾಡುವ ಮುನ್ನ ಪ್ರತಿ ಸಾಲಿಗೂ ‘ಉಪ್ಪು’ (ಯಾದೃಚ್ಛಿಕ ಅಕ್ಷರಗಳು) ಬೆರೆಸಿದ್ದೇವೆ ಅನ್ನುತ್ತಾರೆ, ಆ ಉಪ್ಪು ಅದೇ ಟೇಬಲ್ಲಿನ ಪಕ್ಕದ ಕಾಲಂನಲ್ಲೇ ಕೂತಿರುತ್ತದೆ. ಮಾಡಬೇಕಾದ್ದು: ಒಂದೋ ದೇಶದೊಳಗೇ ಇಟ್ಟ ಗುಪ್ತ ಕೀಲಿ ಸೇರಿಸಿ ಹ್ಯಾಶ್ ಮಾಡಬೇಕು (ಇದಕ್ಕೆ ಎಚ್‌ಮ್ಯಾಕ್ ಅನ್ನುತ್ತಾರೆ), ಇಲ್ಲವೇ ಯಾದೃಚ್ಛಿಕ ಟೋಕನ್ ಕೊಟ್ಟು ಜೋಡಿಪಟ್ಟಿಯನ್ನು ಬೇರೆ ಸರ್ವರಿನಲ್ಲಿ ಬೇರೆಯವರ ಕೈಯಲ್ಲಿ ಇಡಬೇಕು.

ಕೆಎಚ್‌ಐಎಸ್ ಮಟ್ಟದ ಎಣಿಕೆ ಮಾತ್ರ ಹೋದರೆ ನನ್ನ ಪ್ರಕಾರ ತಲೆ ಕೆಡಿಸಿಕೊಳ್ಳುವಂಥದ್ದಿಲ್ಲ.

ಕೋಷ್ಟಕಪ್ರಿಯ

ಮೇಲಿನವರ ಕೊನೆಯ ಸಾಲು ಬಿಟ್ಟು ಉಳಿದದ್ದೆಲ್ಲ ಒಪ್ಪಿದೆ. ಎಣಿಕೆ ಅಂದ ಮಾತ್ರಕ್ಕೆ ಸುರಕ್ಷಿತ ಆಗಲ್ಲ.

ಎಂಒಎಚ್ 731 ಬರುವುದು ಕೇಂದ್ರವಾರು, ತಿಂಗಳವಾರು, ವಯಸ್ಸು–ಲಿಂಗವಾರು. ಹಳ್ಳಿಯ ಒಂದು ಡಿಸ್ಪೆನ್ಸರಿ ಊಹಿಸಿಕೊಳ್ಳಿ. ತಿಂಗಳಿಗೆ ನಾಲ್ಕೋ ಐದೋ ಹೆರಿಗೆ. ಆ ತಿಂಗಳ ವರದಿಯಲ್ಲಿ ‘ಗರ್ಭಿಣಿ, 15–19 ವರ್ಷ, ಹೊಸದಾಗಿ ಪಾಸಿಟಿವ್: 1’ ಅಂತ ಕೋಷ್ಟಕದ ಒಂದು ಕೋಣೆ. ಇದು ಕಾನೂನಿನ ಕಣ್ಣಿಗೆ ‘ಒಟ್ಟು ಅಂಕಿ’. ಆ ಊರಿನವರ ಕಣ್ಣಿಗೆ ಒಬ್ಬ ಹುಡುಗಿ.

ಇದಕ್ಕೆ ಸಣ್ಣ ಕೋಣೆ ಮುಚ್ಚುವುದು ಅಂತ ಒಂದು ಪದ್ಧತಿ ಇದೆ, 5ಕ್ಕಿಂತ ಕಡಿಮೆ ಇದ್ದರೆ ಅಂಕಿ ಬದಲು ನಕ್ಷತ್ರ. ಅದನ್ನೂ ಅರ್ಧಂಬರ್ಧ ಮಾಡಿದರೆ ದಂಡ. ಸಾಲಿನಲ್ಲಿ 6, 7, ನಕ್ಷತ್ರ, ಕೊನೆಗೆ ಮೊತ್ತ 14 ಅಂತ ಇದ್ದರೆ ನಕ್ಷತ್ರ ಅಂದರೆ 1 ಅಂತ ಮೂರನೇ ಕ್ಲಾಸಿನ ಮಗುವೂ ಹೇಳುತ್ತದೆ. ಹಾಗಾಗಿ ಒಂದು ಕೋಣೆ ಮುಚ್ಚಿದರೆ ಅದೇ ಸಾಲಿನಲ್ಲೂ ಅದೇ ಕಂಬದಲ್ಲೂ ಇನ್ನೊಂದೊಂದನ್ನು ಮುಚ್ಚಬೇಕು, ಇಲ್ಲವೇ ಮೊತ್ತವನ್ನೇ ಹತ್ತಿರದ 5ಕ್ಕೆ ದುಂಡಾಗಿಸಬೇಕು.

ಎರಡನೇ ಸೋರಿಕೆ ತಿಂಗಳ ವ್ಯತ್ಯಾಸದ್ದು. ಜುಲೈಯಲ್ಲಿ ಚಿಕಿತ್ಸೆಯಲ್ಲಿರುವವರು 212, ಆಗಸ್ಟಿನಲ್ಲಿ 213, ಬೇರೆ ಕಡೆಯಿಂದ ಬಂದವರು ಸೊನ್ನೆ, ಬಿಟ್ಟವರು ಸೊನ್ನೆ. ಎರಡೂ ದೊಡ್ಡ ಅಂಕಿಗಳೇ, ಯಾವುದಕ್ಕೂ ನಕ್ಷತ್ರ ಬೀಳಲ್ಲ. ಕಳೆದರೆ ಉಳಿಯುವುದು ಒಬ್ಬರು. ವರದಿ ಪದೇ ಪದೇ ಬಂದಷ್ಟೂ ಇದು ಸುಲಭ.

ಪರಿಹಾರ ಕಷ್ಟದ್ದೇನಲ್ಲ. ಹಣ ಕೊಟ್ಟವರಿಗೆ ಕೇಂದ್ರದ ಬದಲು ಕೌಂಟಿ ಮಟ್ಟದ ಅಂಕಿ ಕೊಡಿ (ಕೌಂಟಿ ಇರುವುದು 47), ತಿಂಗಳ ಬದಲು ಮೂರು ತಿಂಗಳಿಗೊಮ್ಮೆ ಕೊಡಿ. ಯಾವ ಕೇಂದ್ರದಲ್ಲಿ ಔಷಧ ಮುಗಿಯುತ್ತಿದೆ ಅನ್ನುವುದಕ್ಕೆ ದಾಸ್ತಾನಿನ ಅಂಕಿ ಬೇರೆಯಾಗಿ ಹೋಗಲಿ, ಡಬ್ಬಿ ಎಣಿಸುವುದಕ್ಕೆ ರೋಗಿಯ ವಯಸ್ಸು ಬೇಡ.

‘ಹೆಸರೇ ಇಲ್ಲವಲ್ಲ’ ಅನ್ನುವವರಿಗೆ ಹಳೇ ಉದಾಹರಣೆ ಒಂದು: ಖಾಸಗಿತನದ ಸಂಶೋಧಕಿ ಲತಾನ್ಯಾ ಸ್ವೀನಿ 1990ರ ಅಮೆರಿಕದ ಜನಗಣತಿ ಇಟ್ಟುಕೊಂಡು ಲೆಕ್ಕ ಹಾಕಿದಾಗ ಪಿನ್‌ಕೋಡು, ಹುಟ್ಟಿದ ದಿನ, ಲಿಂಗ ಈ ಮೂರೇ ಸೇರಿ ಶೇ 87 ಜನರನ್ನು ಒಬ್ಬೊಬ್ಬರಾಗಿ ಬೇರ್ಪಡಿಸುತ್ತವೆ ಅಂತ ಕಂಡಿತು. ವೇರ್‌ಹೌಸಿನ ಸಾಲಿನಲ್ಲಿ ಪಿನ್‌ಕೋಡಿನ ಜಾಗಕ್ಕೆ ಕೇಂದ್ರದ ಕೋಡು ಹಾಕಿ ನೋಡಿ.

ಸರ್ವರ್_ಕೋಣೆ

ವ್ಯತ್ಯಾಸದ ಲೆಕ್ಕ ನನ್ನ ತಲೆಗೆ ಬಂದಿರಲಿಲ್ಲ. ಕೊನೆಯ ಸಾಲು ವಾಪಸ್.

ಕಲಂ_31

ಕಾನೂನಿನ ಬದಿ. ಕೀನ್ಯಾ ಸಂವಿಧಾನದ 31ನೇ ವಿಧಿ ಖಾಸಗಿತನದ್ದು. 2019ರ ದತ್ತಾಂಶ ರಕ್ಷಣಾ ಕಾಯ್ದೆ ಅದರ ಮೇಲೆ ನಿಂತಿದೆ. ಅದರಲ್ಲಿ ನಾಲ್ಕು ಕಲಂ ನೋಡಿದರೆ ಅರ್ಜಿದಾರರ ವಾದ ಅರ್ಥವಾಗುತ್ತದೆ. 31ನೇ ಕಲಂ: ಅಪಾಯ ಹೆಚ್ಚಿರುವ ಸಂಸ್ಕರಣೆಗೆ ಮೊದಲೇ ಪರಿಣಾಮದ ಅಂದಾಜು ಮಾಡಬೇಕು. 46: ಆರೋಗ್ಯ ಮಾಹಿತಿಯನ್ನು ಮುಟ್ಟುವವರು ಆರೋಗ್ಯ ಸೇವೆಯವರಾಗಿರಬೇಕು ಅಥವಾ ವೃತ್ತಿಯ ಗೋಪ್ಯತೆಗೆ ಕಟ್ಟುಬಿದ್ದವರಾಗಿರಬೇಕು. 48: ದೇಶದ ಹೊರಗೆ ಕಳಿಸುವ ಷರತ್ತು. 49: ಸೂಕ್ಷ್ಮ ಮಾಹಿತಿಯಾದರೆ ಆ ವ್ಯಕ್ತಿಯ ಒಪ್ಪಿಗೆಯೂ ಬೇಕು, ರಕ್ಷಣೆ ಸಾಕಷ್ಟಿದೆ ಅನ್ನುವ ಖಾತ್ರಿಯೂ ಬೇಕು.

ಈಗ ಸರ್ಕಾರ ‘ಹೆಸರು ತೆಗೆದಿದ್ದೇವೆ’ ಅನ್ನುವುದನ್ನೇ ಯಾಕೆ ಗಟ್ಟಿಯಾಗಿ ಹಿಡಿದುಕೊಂಡಿದೆ ನೋಡಿ. ಯಾರದೂ ಅಂತ ಎಂದಿಗೂ ಗುರುತು ಹಿಡಿಯಲಾಗದಿದ್ದರೆ ಅದು ವೈಯಕ್ತಿಕ ಮಾಹಿತಿಯೇ ಅಲ್ಲ, ಕಾಯ್ದೆ ತಾಗುವುದೇ ಇಲ್ಲ. ಗುಪ್ತನಾಮ ಕೊಟ್ಟ ಸಾಲು, ಅಂದರೆ ಸರ್ವರ್_ಕೋಣೆ ಹೇಳಿದ ಹ್ಯಾಶ್ ಮಾಡಿದ ನಂಬರು, ಕಾಯ್ದೆಯೊಳಗೇ ಉಳಿಯುತ್ತದೆ. ಇಡೀ ಮೊಕದ್ದಮೆ ಈ ಎರಡರ ನಡುವಿನ ಗೆರೆಯ ಮೇಲೆ ಓಡಾಡುತ್ತದೆ. ಜೊತೆಗೆ 2023ರ ಡಿಜಿಟಲ್ ಆರೋಗ್ಯ ಕಾಯ್ದೆ ಬೇರೆ ಇದೆ, ಆರೋಗ್ಯ ದತ್ತಾಂಶವನ್ನು ಅದು ದೇಶದ ಆಯಕಟ್ಟಿನ ಆಸ್ತಿ ಅನ್ನುತ್ತದೆ.

ಕೀನ್ಯಾದ ಕೋರ್ಟಿಗೆ ಇದು ಹೊಸದಲ್ಲ. ಶಾಲಾ ಮಕ್ಕಳೂ ಸೇರಿದಂತೆ ಎಚ್‌ಐವಿ ಇರುವವರ ಹೆಸರುಪಟ್ಟಿ ಮಾಡಿ ಅಂತ 2015ರಲ್ಲಿ ಬಂದ ಅಧ್ಯಕ್ಷರ ಆದೇಶವನ್ನು 2016ರಲ್ಲಿ ಹೈಕೋರ್ಟು ಅಸಾಂವಿಧಾನಿಕ ಅಂದಿತು. ಪರಿಣಾಮದ ಅಂದಾಜು ಮಾಡಲಿಲ್ಲ ಅನ್ನುವ ಕಾರಣಕ್ಕೆ 2021ರಲ್ಲಿ ಹುದುಮಾ ಕಾರ್ಡು ಅನ್ನುವ ರಾಷ್ಟ್ರೀಯ ಗುರುತಿನ ಚೀಟಿಯ ವಿತರಣೆಯನ್ನೇ ಕಾನೂನುಬಾಹಿರ ಅಂದಿತು. ಕಣ್ಣಿನ ಪಾಪೆ ಸ್ಕ್ಯಾನ್ ಮಾಡಿ ಕ್ರಿಪ್ಟೋ ಹಂಚಿದ ವರ್ಲ್ಡ್‌ಕಾಯಿನ್‌ಗೆ ಆ ಮಾಹಿತಿ ಅಳಿಸಿ ಅಂತ 2025ರ ಮೇನಲ್ಲಿ ಆದೇಶ ಕೊಟ್ಟಿತು. ಒಂದು ವಾರದಲ್ಲಿ ತಡೆ ಬಂದದ್ದಕ್ಕೆ ಬೆರಗಾಗಬೇಕಿಲ್ಲ.

ಅಮೆರಿಕದ ಕಡೆಯ ಬಾಗಿಲೂ ನೋಡಿ. ರೋಗಿಗಳ ಮಾಹಿತಿ ಕಾಯುವ ಅಲ್ಲಿನ ಹಿಪಾ ಕಾಯ್ದೆ ಆಸ್ಪತ್ರೆ, ವಿಮೆ, ಅವರ ಗುತ್ತಿಗೆದಾರರಿಗೆ ಮಾತ್ರ. ವಿದೇಶಾಂಗ ಇಲಾಖೆಯ ಕೈಲಿರುವ, ಕೀನ್ಯಾದ ಕಿಸುಮುವಿನ ರೋಗಿಯ ದಾಖಲೆಗೆ ಅದು ಬರಲ್ಲ. 1974ರ ಪ್ರೈವಸಿ ಆಕ್ಟ್ ಅಮೆರಿಕದ ಪ್ರಜೆಗಳಿಗೆ ಮತ್ತು ಕಾಯಂ ನಿವಾಸಿಗಳಿಗೆ ಮೀಸಲು. ಅಂದರೆ ಮಾಹಿತಿ ಸೋರಿದರೆ ಆ ರೋಗಿ ಅಲ್ಲಿನ ಕೋರ್ಟಿನ ಕದ ತಟ್ಟುವುದು ಹೆಚ್ಚುಕಡಿಮೆ ಅಸಾಧ್ಯ.

ಇದರಲ್ಲಿ ನಗು ಬರಿಸುವ ಸಂಗತಿ ಒಂದಿದೆ. 2025ರ ಏಪ್ರಿಲ್ 8ರಿಂದ ಅಮೆರಿಕದ ನ್ಯಾಯ ಇಲಾಖೆಯ ನಿಯಮವೊಂದು ಜಾರಿಯಲ್ಲಿದೆ: 10,000ಕ್ಕಿಂತ ಹೆಚ್ಚು ಅಮೆರಿಕನ್ನರ ಆರೋಗ್ಯ ಮಾಹಿತಿಯಾಗಲಿ, 100ಕ್ಕಿಂತ ಹೆಚ್ಚು ಜನರ ಜೀನೋಮ್ ಮಾಹಿತಿಯಾಗಲಿ ಚೀನಾ, ರಷ್ಯಾದಂಥ ದೇಶಗಳ ಕೈಗೆ ಹೋಗುವ ವಹಿವಾಟಿಗೆ ನಿಷೇಧ ಅಥವಾ ಕಡಿವಾಣ. ಹೆಸರು ತೆಗೆದಿದ್ದರೂ, ಗುಪ್ತನಾಮ ಕೊಟ್ಟಿದ್ದರೂ, ಎನ್‌ಕ್ರಿಪ್ಟ್ ಮಾಡಿದ್ದರೂ ನಿಯಮ ಅನ್ವಯ ಅಂತ ಅದರಲ್ಲೇ ಬರೆದಿದೆ. ತನ್ನ ಪ್ರಜೆಗಳ ವಿಷಯಕ್ಕೆ ಬಂದರೆ ‘ಹೆಸರು ತೆಗೆದಿದೆ’ ಅನ್ನುವ ಸಮಾಧಾನ ವಾಷಿಂಗ್ಟನ್‌ಗೆ ಸಾಲದು.

ಮಾತ್ರೆ_ಲೆಕ್ಕ

ಎಲ್ಲರೂ ಒಂದೇ ಕಡೆ ವಾಲುತ್ತಿದ್ದೀರಿ, ಸ್ವಲ್ಪ ಈ ಕಡೆಯದೂ ಹೇಳುತ್ತೇನೆ. ದುಡ್ಡು ಕೊಟ್ಟವರು ಲೆಕ್ಕ ಕೇಳುವುದು ತಪ್ಪಲ್ಲ. ಕೀನ್ಯಾದಲ್ಲಿ ಎಚ್‌ಐವಿ ಜೊತೆ ಬದುಕುತ್ತಿರುವವರು 13–14 ಲಕ್ಷ. ಅವರಲ್ಲಿ ಬಹುಪಾಲು ಜನ ದಿನಕ್ಕೊಂದು ಟಿಎಲ್‌ಡಿ (ಮೂರು ಎಚ್‌ಐವಿ ಔಷಧ ಸೇರಿಸಿದ) ಮಾತ್ರೆ ತಗೊಳ್ಳುತ್ತಾರೆ. ಜೆನೆರಿಕ್ ಬೆಲೆ ಒಬ್ಬರಿಗೆ ವರ್ಷಕ್ಕೆ 45 ಡಾಲರಿಗಿಂತ ಕಡಿಮೆ, ತಯಾರಾಗುವುದು ಹೆಚ್ಚಾಗಿ ನಮ್ಮ ದೇಶದ ಕಾರ್ಖಾನೆಗಳಲ್ಲಿ. ಸರಕು ಆರ್ಡರ್ ಹಾಕಿದ ದಿನದಿಂದ ಕೇಂದ್ರಕ್ಕೆ ಮುಟ್ಟಲು ತಿಂಗಳುಗಳು ಬೇಕು. ಎಷ್ಟು ಜನ ಚಿಕಿತ್ಸೆಯಲ್ಲಿದ್ದಾರೆ, ಎಷ್ಟು ಜನ ಬಿಟ್ಟರು, ಗೋದಾಮಿನಲ್ಲಿ ಎಷ್ಟು ತಿಂಗಳಿನ ದಾಸ್ತಾನಿದೆ ಅನ್ನುವುದು ಗೊತ್ತಿಲ್ಲದೆ ಖರೀದಿ ಆಗಲ್ಲ. ಹಳೇ ಅಂಕಿ ನಂಬಿ ಆರ್ಡರ್ ಹಾಕಿದರೆ ಒಂದು ಕೌಂಟಿಯಲ್ಲಿ ಅವಧಿ ಮೀರಿದ ಡಬ್ಬಿ, ಪಕ್ಕದ ಕೌಂಟಿಯಲ್ಲಿ ಖಾಲಿ ಕಪಾಟು.

ಆದರೆ ಪಟ್ಟಿ ಮಾಡಿ ನೋಡಿ: ಚಿಕಿತ್ಸೆಯಲ್ಲಿರುವವರ ಸಂಖ್ಯೆ, ಹೊಸಬರು, ಬಿಟ್ಟವರು, ವೈರಲ್ ಲೋಡ್ ಹತೋಟಿಯಲ್ಲಿರುವವರ ಶೇಕಡಾವಾರು, ದಾಸ್ತಾನು. ಐದೂ ಎಣಿಕೆ. ಸುಳ್ಳು ಲೆಕ್ಕದ ಅನುಮಾನ ಬಂದರೆ ಆಡಿಟರು ಕೇಂದ್ರಕ್ಕೇ ಹೋಗಿ, ಅಲ್ಲಿನ ಸಿಬ್ಬಂದಿಯ ಎದುರಿಗೇ ಒಂದಷ್ಟು ಕಾರ್ಡು ತೆರೆದು ರಿಜಿಸ್ಟರಿಗೆ ತಾಳೆ ನೋಡಿ ಬರುತ್ತಾರೆ. ಕಾರ್ಡು ಕೋಣೆ ಬಿಟ್ಟು ಹೊರಗೆ ಬರಲ್ಲ. ಈ ಪದ್ಧತಿ ಹಳೆಯದು, ಕೆಲಸ ಮಾಡುತ್ತದೆ. ಕೇಳಿದ್ದು ಇದಕ್ಕಿಂತ ಹೆಚ್ಚಾದರೆ ‘ಯಾವ ಉಪಯೋಗಕ್ಕೆ’ ಅಂತ ಕೇಳುವ ಹಕ್ಕು ಕೀನ್ಯಾಕ್ಕಿದೆ.

ಇನ್ನೊಂದು ಅಪಾಯ ಹಣದ ಕಡೆಯದು. 2025ರ ಜನವರಿ 20ರಂದು ವಿದೇಶಿ ನೆರವು 90 ದಿನ ನಿಲ್ಲಲಿ ಅಂತ ಒಂದು ಸಹಿ ಬಿತ್ತು. ಜುಲೈ 1ಕ್ಕೆ ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್ ಬಾಗಿಲೇ ಮುಚ್ಚಿತು. ಡೇಟಾ ಎಂಟ್ರಿಯವರ ಸಂಬಳ, ಸರ್ವರ್ ಬಾಡಿಗೆ, ಕೀನ್ಯಾಇಎಂಆರ್ ನೋಡಿಕೊಳ್ಳುವವರು, ಎಲ್ಲ ಅದೇ ದುಡ್ಡಿನ ಮೇಲೆ ನಿಂತಿದ್ದವು. ಹಾಗಾಗಿ ‘ಕೊಡಲ್ಲ’ ಅನ್ನುವ ದೇಶ ಮಾತ್ರೆಯ ಜೊತೆಗೆ ತನ್ನ ದಾಖಲೆ ವ್ಯವಸ್ಥೆಯನ್ನೂ ಪಣಕ್ಕಿಡುತ್ತದೆ. 2026ರ ಫೆಬ್ರವರಿಯಲ್ಲಿ ಜಿಂಬಾಬ್ವೆ ಇಂಥದ್ದೇ ಒಪ್ಪಂದದ ಮಾತುಕತೆಯಿಂದ ಎದ್ದು ಬಂತು. ಎಲ್ಲ ದೇಶಕ್ಕೂ ಅದು ಆಗುವ ಮಾತಲ್ಲ.

ಮಂಡಗದ್ದೆ

ಅಂಕಿಯ ಗಲಾಟೆಯಲ್ಲಿ ರೋಗಾಣು ಮಾದರಿ ಮರೆಯಬೇಡಿ. ಅಮೆರಿಕ ಹಲವು ದೇಶಗಳ ಮುಂದಿಟ್ಟ ಕರಡುಗಳಲ್ಲಿ ಮಾದರಿ ಹಂಚಿಕೆಯ ಒಪ್ಪಂದವೂ ಇತ್ತು. ಇದರ ಹಿಂದಿನ ಕತೆ ಇಂಡೋನೇಷ್ಯಾದ್ದು. ತಾನು ಡಬ್ಲ್ಯುಎಚ್‌ಒ ಜಾಲಕ್ಕೆ ಕೊಟ್ಟ ಎಚ್‌5ಎನ್‌1 ಹಕ್ಕಿಜ್ವರದ ವೈರಸ್ಸಿನಿಂದ ಆಸ್ಟ್ರೇಲಿಯಾದ ಕಂಪನಿ ಲಸಿಕೆ ಮಾಡುತ್ತಿದೆ, ಆ ಲಸಿಕೆ ತನ್ನ ಜನಕ್ಕೆ ಎಟುಕಲ್ಲ ಅಂತ ತಿಳಿದಾಗ 2007ರಲ್ಲಿ ಆ ದೇಶ ಮಾದರಿ ಕೊಡುವುದನ್ನೇ ನಿಲ್ಲಿಸಿತು. ನಾಲ್ಕು ವರ್ಷ ಎಳೆದಾಡಿ 2011ರಲ್ಲಿ ಡಬ್ಲ್ಯುಎಚ್‌ಒದ ಪಿಐಪಿ (ಸಾಂಕ್ರಾಮಿಕ ಫ್ಲೂ ಸಿದ್ಧತೆ) ಚೌಕಟ್ಟು ಬಂತು: ಮಾದರಿ ಕೊಟ್ಟರೆ ಪ್ರತಿಯಾಗಿ ಲಸಿಕೆಯಲ್ಲಿ ಪಾಲು. 2025ರ ಮೇನಲ್ಲಿ ಅಂಗೀಕಾರವಾದ ಸಾಂಕ್ರಾಮಿಕ ಒಪ್ಪಂದದಲ್ಲೂ ಉತ್ಪಾದನೆಯ ಶೇ 20 ಡಬ್ಲ್ಯುಎಚ್‌ಒಗೆ ಅನ್ನುವ ಗುರಿ ಇದೆ. ಒಂದೊಂದೇ ದೇಶ ಒಬ್ಬರ ಜೊತೆ ಬಿಡಿ ಒಪ್ಪಂದ ಮಾಡಿಕೊಂಡು ಮಾದರಿ ಕೊಟ್ಟುಬಿಟ್ಟರೆ ಆ ಚೌಕಾಸಿಯ ಬಲ ಹೋಗುತ್ತದೆ.

ನಮ್ಮಲ್ಲೂ ಈ ಅನುಮಾನ ಹಳೆಯದೇ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆ ಹಚ್ಚಿದ ಪುಣೆಯ ವೈರಸ್ ಸಂಶೋಧನಾ ಕೇಂದ್ರ ರಾಕ್‌ಫೆಲರ್ ಪ್ರತಿಷ್ಠಾನದ ಜೊತೆಗೂಡಿ ನಡೆಯುತ್ತಿದ್ದದ್ದು. ಆಮೇಲೆ ವಲಸೆ ಹಕ್ಕಿಗಳ ಅಧ್ಯಯನಕ್ಕೆ ಅಮೆರಿಕದ ಸೇನೆಯ ಹಣ ಬಂದದ್ದು, ದಿಲ್ಲಿಯ ಸೊಳ್ಳೆ ಪ್ರಯೋಗಕ್ಕೆ ಪಿಎಲ್-480 (ಅಮೆರಿಕದ ಆಹಾರ ನೆರವಿನ) ಹಣ ಬಂದದ್ದು ಪತ್ರಿಕೆಗೆ ಏರಿ, 1975ರಲ್ಲಿ ಸಂಸತ್ತಿನ ಲೆಕ್ಕಪತ್ರ ಸಮಿತಿ ವರದಿ ಕೊಟ್ಟಿತು, ಸೊಳ್ಳೆ ಘಟಕ ಮುಚ್ಚಿತು. ಆ ಸೊಳ್ಳೆ ಕೆಲಸ ನಿಂತದ್ದು ವಿಜ್ಞಾನಕ್ಕೆ ನಷ್ಟ ಅನ್ನುವವರೂ ಇದ್ದಾರೆ, ನನಗೂ ಹಾಗೇ ಅನಿಸುತ್ತದೆ. ಈಗ ವಿದೇಶಿ ಸಹಭಾಗಿತ್ವದ ಆರೋಗ್ಯ ಸಂಶೋಧನೆ ಐಸಿಎಂಆರ್ ಮೂಲಕ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಮುಂದೆ ಹೋಗಬೇಕು. 2017ರ ಎಚ್‌ಐವಿ ಕಾಯ್ದೆಯ 11ನೇ ಕಲಂ ದಾಖಲೆ ಇಟ್ಟ ಪ್ರತಿ ಸಂಸ್ಥೆಗೂ ರಕ್ಷಣೆಯ ಹೊಣೆ ಹೊರಿಸುತ್ತದೆ. ಆದರೆ 2023ರ ಡಿಪಿಡಿಪಿ (ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ) ಕಾಯ್ದೆಯಲ್ಲಿ ಆರೋಗ್ಯ ಮಾಹಿತಿಗೆ ‘ಸೂಕ್ಷ್ಮ’ ಅನ್ನುವ ಬೇರೆ ವರ್ಗವೇ ಇಲ್ಲ. ಆ ಮಟ್ಟಿಗೆ ಕೀನ್ಯಾದ 49ನೇ ಕಲಂ ನಮ್ಮದಕ್ಕಿಂತ ಬಿಗಿ.

ಕಡತದ_ಇಲಿ

ಎಲ್ಲರಿಗೂ ಥ್ಯಾಂಕ್ಸ್. ಒಂದು ಉಳಿಯಿತು: ‘ಬರೀ ನೋಡುವ ಅನುಮತಿ, ಏನೂ ಬದಲಾಯಿಸಲು ಆಗಲ್ಲ’ ಅನ್ನುತ್ತಾರಲ್ಲ, ಅದು ಎಷ್ಟರಮಟ್ಟಿಗೆ ರಕ್ಷಣೆ? ಮತ್ತೆ ಕರಡು ಎಲ್ಲಿಂದ ಓದಲಿ?

ಸರ್ವರ್_ಕೋಣೆ

ನೋಡುವ ಅನುಮತಿ ಇದ್ದರೆ ಇಳಿಸಿಕೊಳ್ಳುವ ಅನುಮತಿಯೂ ಇದೆ ಅಂತಲೇ ತಿಳಿಯಿರಿ. ಡಿಎಚ್‌ಐಎಸ್2ನಲ್ಲಿ ಒಬ್ಬ ಬಳಕೆದಾರನಿಗೆ ಘಟಕಗಳನ್ನು (ದೇಶ, ಕೌಂಟಿ, ಕೇಂದ್ರ) ಮೂರು ಥರ ಹಚ್ಚುತ್ತಾರೆ: ಎಲ್ಲಿಯ ಮಾಹಿತಿ ತುಂಬಬಹುದು, ಎಲ್ಲಿಯದು ನೋಡಬಹುದು, ಎಲ್ಲಿ ಹುಡುಕಬಹುದು. ನೋಡುವ ಜಾಗದಲ್ಲಿ ‘ಕೀನ್ಯಾ’ ಅನ್ನುವ ಬುಡವನ್ನೇ ಟಿಕ್ ಮಾಡಿದರೆ ಪ್ರತಿ ಡಿಸ್ಪೆನ್ಸರಿಯೂ ಅದರ ಕೆಳಗೆ ಬಂತು. ಅದೇ ಸರ್ವರಿನಲ್ಲಿ ಒಬ್ಬೊಬ್ಬ ರೋಗಿಯನ್ನೂ ಬೇರೆಯಾಗಿ ದಾಖಲಿಸುವ ಟ್ರ್ಯಾಕರ್ ಪ್ರೋಗ್ರಾಂ ಇದ್ದು, ಅದರ ಹಂಚಿಕೆಯಲ್ಲಿ ಆ ಖಾತೆಗೆ ಡೇಟಾ ನೋಡಬಹುದು ಅಂತ ಬಿಟ್ಟಿದ್ದರೆ, ಲೈನ್ ಲಿಸ್ಟಿಂಗ್ ಆ್ಯಪ್ ತೆರೆದ ಕೂಡಲೇ ಒಬ್ಬೊಬ್ಬರ ಸಾಲು ಬರುತ್ತದೆ, ಅಲ್ಲಿಂದ ಎಕ್ಸೆಲ್‌ಗೆ ಒಂದು ಗುಂಡಿ. ಹುಡುಕುವ ಜಾಗದ ಮಟ್ಟಿಗೆ ಪ್ರೋಗ್ರಾಮಿನ ಪ್ರವೇಶ ಮಟ್ಟ ‘ಓಪನ್’ ಇದೆಯೋ ‘ಕ್ಲೋಸ್ಡ್’ ಇದೆಯೋ ಅಂತಲೂ ನೋಡಬೇಕು. ‘ಪ್ರೊಟೆಕ್ಟೆಡ್’ ಆದರೆ ಕಾರಣ ಬರೆದು ಒಳಗೆ ಹೋಗಬಹುದು, ದಾಖಲೆ ಉಳಿಯುತ್ತದೆ. ಎಲ್ಲಕ್ಕಿಂತ ಒಳ್ಳೆಯದು ಹೊರಗಿನವರಿಗೆ ಮೂಲ ಸರ್ವರಿನಲ್ಲಿ ಖಾತೆಯನ್ನೇ ಕೊಡದೆ, ಕೌಂಟಿ ಮಟ್ಟಕ್ಕೆ ಕೂಡಿಸಿ ಮುಚ್ಚಿದ ಅಂಕಿಗಳನ್ನು ಬೇರೆ ಸರ್ವರಿಗೆ ತಳ್ಳುವುದು.

ಕರಡನ್ನು ಹಿಂದಿನಿಂದ ಓದಿ. ಮುಖಪುಟದಲ್ಲಿ ಸ್ನೇಹ, ಸಹಕಾರ ಇರುತ್ತದೆ. ವ್ಯವಸ್ಥೆಗಳ ಹೆಸರುಪಟ್ಟಿ ಇರುವುದು ಅನುಬಂಧದಲ್ಲಿ. ಅಲ್ಲಿ ಕೆಎಚ್‌ಐಎಸ್ ಜೊತೆಗೆ ಇಎಂಆರ್, ವೇರ್‌ಹೌಸ್, ಪ್ರಯೋಗಾಲಯದ ವ್ಯವಸ್ಥೆ ಅನ್ನುವ ಪದ ಕಂಡರೆ ‘ಒಟ್ಟು ಅಂಕಿ ಮಾತ್ರ’ ಅನ್ನುವ ಮಾತು ಅಲ್ಲೇ ಬಿದ್ದುಹೋಯಿತು. ಆಮೇಲೆ ಅವಧಿ: ಹಣ ಐದು ವರ್ಷ, ಮಾಹಿತಿ ಅದಕ್ಕಿಂತ ಹೆಚ್ಚು ಅಂತಿದ್ದರೆ ಯಾಕೆ ಅಂತ ಕೇಳಿ.

ಕಲಂ_31

ಅದರ ಜೊತೆಗೆ ಮೂರು ಪದ ಹುಡುಕಿ: ಗುತ್ತಿಗೆದಾರರು, ಮೂರನೆಯವರು, ಅಳಿಸುವಿಕೆ. ಪಡೆದವರು ಮುಂದೆ ಯಾರಿಗೆ ಕೊಡಬಹುದು ಅಂತ ಬರೆಯದೆ ಬಿಟ್ಟರೆ ಯಾರಿಗಾದರೂ ಕೊಡಬಹುದು ಅಂತಲೇ ಅರ್ಥ. ಅಳಿಸಿದ್ದೇವೆ ಅಂತ ಲಿಖಿತ ಪ್ರಮಾಣಪತ್ರ ಎಷ್ಟು ದಿನದಲ್ಲಿ, ಬ್ಯಾಕಪ್ ಸೇರಿಯೋ ಇಲ್ಲವೋ, ವ್ಯಾಜ್ಯ ಬಂದರೆ ಯಾವ ದೇಶದ ಕೋರ್ಟು ಅಂತ ಇರಲೇಬೇಕು. ‘ಪರಸ್ಪರ ಮಾತುಕತೆಯಿಂದ ಬಗೆಹರಿಸಿಕೊಳ್ಳುವುದು’ ಅಂತ ಮಾತ್ರ ಇದ್ದರೆ ರೋಗಿಗೆ ಹೋಗಲು ಕೋರ್ಟೇ ಇಲ್ಲ.

ಸರ್ವರ್_ಕೋಣೆ

ಒಪ್ಪಂದ ಕೋರ್ಟಿನಲ್ಲಿ ಇರುವಾಗಲೂ ಮಾಡಬಹುದಾದ ಕೆಲಸ ಒಂದಿದೆ, ಯಾವ ದೇಶದ ಡಿಎಚ್‌ಐಎಸ್2 ನೋಡಿಕೊಳ್ಳುವವರಾದರೂ ಸರಿ. ಬಳಕೆದಾರರ ಪಟ್ಟಿ ತೆರೆದು ಕೊನೆಯ ಲಾಗಿನ್ ಪ್ರಕಾರ ವಿಂಗಡಿಸಿ. 2025ರಲ್ಲಿ ಮುಚ್ಚಿಹೋದ ಯೋಜನೆಗಳ ಖಾತೆಗಳು ಹಾಗೇ ಜೀವಂತ ಇರುತ್ತವೆ. ಶೆಡ್ಯೂಲರಿನಲ್ಲಿ ನಿಷ್ಕ್ರಿಯ ಬಳಕೆದಾರರನ್ನು ತಾನಾಗಿ ಮುಚ್ಚುವ ಕೆಲಸ ಇದೆ, ಮೂರು ತಿಂಗಳಿಗೆ ಇಡಿ. ಅದು ಬಳಸದೆ ಬಿದ್ದ ಖಾತೆಗಳನ್ನು ಮಾತ್ರ ಹಿಡಿಯುತ್ತದೆ. ತಾನಾಗಿ ಓಡುವ ಸ್ಕ್ರಿಪ್ಟುಗಳಿಗೆ ಪಾಸ್‌ವರ್ಡ್ ಬದಲು ಕೊಟ್ಟ ಎಪಿಐ ಟೋಕನ್‌ಗಳಿಗೆ ಅವಧಿ ಎಷ್ಟು ಇಟ್ಟಿದ್ದಾರೆ ಅನ್ನುವುದನ್ನು ಕೈಯಾರೆ ನೋಡಬೇಕು.